ತಿಕ್ಕಿದ ತೊಟ್ಟಿ

...ಅಲ್ಲಿ ಬ್ಯಾಡ, ಬಿಸಲದ. ಇಲ್ಲಿ ತೊಟ್ಟಿ ಕಟ್ಟಿ ಮ್ಯಾಲ ಕೂಡು ಕುಲಸುಮಾ. ಗಂಟು ಕೆಳಗಿಡು. ಜೇವರ್ಗಿ ಬಸ್ಸು ಇಷ್ಟು ಲಗೂನ ಎಲ್ಲಿ ಬರ್ತದ! ಬಂದ್ರ ತಿರುವಿನ್ಯಾಗ ಹಾರ್ನ್ ಹೊಡೀತದ, ಕೇಳಸ್ತದ. ಚಾ ಮಾಡ್ಲೇನು? ...ಬ್ಯಾಡ. ಆತು.

ಜೇವರ್ಗ್ಯಾಗ ನಿಮ್ಮವ್ವ ಅದಾಳ. ನಾಕ್ ದಿನ ಇದ್ದು ಬಾ... ಹಾಂಗ್ಯಾಕ ನೋಡ್ತಿ? ಗೊತ್ತದ ಬೇ. ಹಮೀದಾಬೇಗಂ ನಿನ್ನ ನಾಕ್ ದಿನಕ್ಕ ಕಳಸಿಲ್ಲ. "ಮೊಮ್ಮಗನ್ನ ಕೊಂದಾಕಿ ಮಾರಿ ನೋಡಂಗಿಲ್ಲ" ಅಂದಿದ್ದು ಓಣಿಗೆಲ್ಲ ಕೇಳಸ್ಯದ. ಅತ್ತಿ ಆದಾಕಿ, ಏನರ ಅಂತಾಳ. ಮೂರು ತಿಂಗಳ ಕೂಸು ಹೋದ್ರ ಯಾರಿಗರ ಒಬ್ಬರಿಗಿ ಅನ್ನಬೇಕಲ್ಲ.

ನನ್ನೂ ಕೇಳಾಕ ಬಂದಿದ್ಳು. ಕೂಡು ಅಂದ್ರ ಕೂಡಲಿಲ್ಲ, ನಿಂತೇ ಕೇಳಿದ್ಳು. "ಗುರುಶಾಂತಮ್ಮಾ, ಖರೇ ಹೇಳ್ರಿ. ಹಾಲಿನ ಪುಡಿ ಕಲಸಾಕ ನಮ್ಮ ಸೊಸಿ ನಿಮ್ಮ ತೊಟ್ಟಿ ನೀರು ಒಯ್ದಾಳೇನು, ಇಲ್ಲಾ ಮೈಗಳ್ಳತನ ಮಾಡಿ ಕಬ್ಬಿನ ಹೊಲದ ಬಾವೀದು ಸೇದ್ಯಾಳೇನು?" ನಾ ಏನನ್ನಲಿ... "ನಾ ನೋಡಿಲ್ರೀ" ಅಂದೆ. ಅಷ್ಟೇ. ಬಾವೀದು ಒಯ್ದಾಳ ಅಂತ ಅಂದಿಲ್ಲ ನಾ. ಅಂದೇನೇನು? ಇಲ್ಲಲ್ಲ!

ಗುಲಬರ್ಗಾದ ಡಾಕ್ಟರ್ ಹೇಳ್ಯಾರಲ್ಲ, ಹೊಲಕ್ಕ ಹಾಕಿದ ಗೊಬ್ಬರ ನೀರಾಗ ಇಳದದ, ಅದಕ್ಕೇ ಕೂಸು ನೀಲಿಗಟ್ಟಿತು ಅಂತ. ದೊಡ್ಡವ್ರಿಗಿ ಏನೂ ಆಗಂಗಿಲ್ಲ, ಸಣ್ಣ ಕೂಸು ತಡಕೊಳ್ಳಂಗಿಲ್ಲ. ನೀ ಕುದಿಸಿ ಕೊಟ್ಟೆ ಅಂದಿ. ಕುದಿಸಿದ್ರ ಗೊಬ್ಬರ ಹೋಗಂಗಿಲ್ಲ ಬೇ. ನಾ ಓದೇನಿ.

ಯಾಕ ನಗ್ತಿ? ...ನಗಲಿಲ್ಲೇನು. ನಕ್ಕಾಂಗ ಕಂಡ್ತು ನನಗ. ಸಾಲಿ ಮೆಟ್ಟಲ ಹತ್ತದಾಕಿ ನಾ, ಯೂರಿಯಾ ಚೀಲದ ಮ್ಯಾಲಿನ ಅಕ್ಷರ ಕೂಡಿಸಿ ಕೂಡಿಸಿ ಓದಾಕ ಕಲ್ತಾಕಿ. ಆಮ್ಯಾಲ ಪುಸ್ತಕ. ಪುಸ್ತಕದಾಗ ಪಾಚಿ ಅಂತ ಬರದಿದ್ರು, ನಮ್ಮ ಹಾವಸಿ ಅದು. ನೀರಾಗಿನ ಗೊಬ್ಬರ ತಿಂದು ಬೆಳೀತದಂತ. ಗೊಬ್ಬರ ಅದರ ಹೊಟ್ಟಿಗಿ, ಛಲೋ ನೀರು ನಮಗ. ಕಲ್ಲು ನಾನೇ ಹೊತ್ತು ಈ ತೊಟ್ಟಿ ಕಟ್ಟಿದೆ. ಇಳಿಜಾರಿನ್ಯಾಗ ಗೋಣಿತಟ್ಟು ಹಾಸಿ, ಅದೇ ಕಬ್ಬಿನ ಹೊಲದ ಬಾವಿ ನೀರು ತೆಳ್ಳಗ ಹರಿಸಿದೆ. ಎಷ್ಟು ಹಸರಗ ಬಂತು, ಕೈಯಾಗ ಹಿಡದ್ರ ಕೂದಲಿನಾಂಗ! ಎಂಟು ದಿನಕ್ಕೊಮ್ಮೆ ಕೆರೀಬೇಕು. ಅರ್ಧಾ ಕೆರದು ತಿಪ್ಪಿಗಿ, ಅರ್ಧಾ ಹಾಂಗೇ ಬಿಡಬೇಕು. ಬಿಟ್ಟದ್ರಿಂದೇ ಮುಂದಿಂದು ಬೆಳೀತದ. ಎಲ್ಲಾ ಕೆರದ್ರ... ಎಲ್ಲಾ ಕೆರದ್ರ ಬರೇ ಕಲ್ಲು. ಕಲ್ಲು ಏನ್ ತಿಂತದ.

ಗುಲಬರ್ಗಾದಿಂದ ಸರಕಾರಿ ಮಂದಿ ಬಂದು ಶೀಸೆದಾಗ ನೀರು ಒಯ್ದು ತಪಾಸ ಮಾಡಿದ್ರು. ಛಲೋ ಅದ ಅಂದ್ರು. ನೀ ಬಸುರಿದ್ದಾಗ ನಾನೇ ಹೇಳಿದ್ದೆ ನಿನಗ, ಕೂಸಿಗಿ ನನ್ನ ತೊಟ್ಟಿ ನೀರೇ ಒಯ್ಯಿ ಅಂತ. ನೆನಪದ ನನಗ. ನೆನಪಿಲ್ಲಂತ ಎಲ್ಲಿ ಅಂದೆ?

...ಏನ್ ಮಾಡಾಕತ್ತಿ? ಉಗುರು ಹಾಕಬ್ಯಾಡ, ಹಾವಸಿ ಇನ್ನಾ ಎಳೀದದ. ತೆಳ್ಳಗದ, ಹೌದು. ಬ್ಯಾಸಗ್ಯಾಗ ತೆಳ್ಳಗಾಗ್ತದ... ಅಲ್ಲ. ಬ್ಯಾಸಗ್ಯಾಗೇ ದಪ್ಪ ಬೆಳೀತದ. ಬಿಡು ಅಂದೆ ನಿನಗ! ಉಗುರು ನೋಡಬ್ಯಾಡ.

ಸುಣ್ಣ ಅದು.

ನಿನ್ನ ಕೂಸಿಗಿ ಎರಡೂವರಿ ತಿಂಗಳಿದ್ದಾಗ ಪೇಪರದವ್ರು ತೊಟ್ಟಿ ಫೋಟೊ ಹಿಡಿಯಾಕ ಬರವರಿದ್ರು. ಹಿಂದಿನ ದಿನ ನಮ್ಮೂರ ದೌಲತರಾಯ ಗೌಡ ಬಂದ. "ಏನಬೇ ಗುರುಶಾಂತಿ, ಈ ಹೊಲಸಿನ ಫೋಟೊ ತಗಸ್ತೇನು? ಎಮ್ಮಿ ಹೊರಳೋ ಹೊಂಡ ಅಂತ ಬರೀತಾರ" ಅಂದ. ನಕ್ಕ. ಅಷ್ಟೇ ಬೇ. ನಕ್ಕ.

ತೆಂಗಿನ ನಾರು ತಗೊಂಡು ಕೂತೆ. ಗೋಣಿತಟ್ಟು ಕಿತ್ತು ಒಗದೆ. ಒಂದೆಳಿ ಬಿಡದಾಂಗ ತಿಕ್ಕಿದೆ, ಮ್ಯಾಲ ಸುಣ್ಣ ಹಚ್ಚಿದೆ. ಎಲ್ಲಾರಿಗಿ ಅರ್ಧಾ ಬಿಡ್ರಿ, ಅರ್ಧಾ ಬಿಡ್ರಿ ಅಂತ ಹೇಳಿದಾಕಿ... ಫೋಟೊದಾಗ ತೊಟ್ಟಿ ಬೆಳ್ಳಗ ಬಂದದ. ಚೌಕಟ್ಟು ಹಾಕಿಸೇನಿ. ಒಳಗ ಗ್ವಾಡಿಗದ.

ಇಪ್ಪತ್ತು ದಿನ ಹಾವಸಿ ಹುಟ್ಟಲಿಲ್ಲ. ಬಾವಿ ನೀರು ಬಾವಿ ನೀರಾಗೇ ಹರೀತು. ನೀ ದಿನಾ ಕೊಡ ತಂದಿ. ತುಂಬಿದ ಕೊಡ ನಿನ್ನ ಸೊಂಟಕ್ಕ ನಾನೇ ಎತ್ತಿಟ್ಟೆ. ಈ ಕೈಲೇ. ಒಯ್ಯಬ್ಯಾಡ ಅಂತ ಬಾಯಿ ತನಕ ಬರ್ತಿತ್ತು. ಅಂದ್ರ ಯಾಕಂತ ಕೇಳ್ತಿದ್ದಿ... ಹೇಳಬೇಕಾಗ್ತಿತ್ತು. ನಾಳಿ ಹುಟ್ಟತದ, ನಾಡದ್ದು ಹುಟ್ಟತದ ಅಂತ ಸುಮ್ಮಕಿದ್ದೆ.

ಹಾರ್ನ್ ಕೇಳ್ತೇನು? ಬಸ್ಸು ಬಂತು. ಏಳು, ಗಂಟು ತಗೋ. ...ಏಳವಲ್ಲಿ ಯಾಕ? ಕೈ ಮಾಡು ಬೇ, ಕೈ ಮಾಡದಿದ್ರ ನಿಲ್ಲಸಂಗಿಲ್ಲ ಅವ... ಕುಲಸುಮಾ!

ಹೋತು. ನೋಡು, ಹೋಗೇ ಬಿಡ್ತು.

ಏನರ ಅನ್ನು. ಬೈಯಿ. ಆ ಸುಣ್ಣದ ಉಗುರು ನನ್ನ ಮುಂದ ಯಾಕ ಹಿಡೀತಿ...

ನೀ ಬಸ್ಸಿಗಿ ಬಂದಾಕಿ ಅಲ್ಲೇ ಅಲ್ಲ.

ಹಮೀದಾಬೇಗಂ ಈಗ ಮನ್ಯಾಗ ಅದಾಳೇನು? ...ತಡಿ. ಚಪ್ಪಲಿ ಮೆಟ್ಟಿಕೊಂತೇನಿ.