ಸಾಂಚಿನ್ ಮಾಡುವಾಗ ಹಿಂದೆ ನೋಡ್ಲಿಕ್ಕಿಲ್ಲ

ಅಲ್ಲ ಮಾರಾಯ್ತಿ, ಒಂದು ತುಟಿ ಒಡೆದದ್ದು ಅಷ್ಟು ದೊಡ್ಡ ವಿಷಯವಾ? ಓಲಿವಿಯಾಳ ಅಮ್ಮ ನಿಂಗೆ ಫೋನ್ ಮಾಡಿ ಪುರಾಣ ಹೇಳಿದ್ಳಾ? ಮಗಳನ್ನು ಕರಾಟೆ ಕ್ಲಾಸಿಗೆ ಕಳಿಸುದು, ಆಮೇಲೆ ಪೆಟ್ಟಾಯ್ತು ಅಂತ ಅಳುದು! ಸ್ವಿಮ್ಮಿಂಗಿಗೆ ಕಳಿಸಿ ಮಗು ನೀರಿನಲ್ಲಿ ಚಂಡಿ ಆಯ್ತು ಅಂದ ಹಾಗಾಯ್ತು ಇದು.

ಕೂತ್ಕೋ, ಕೂತ್ಕೋ. ಬಾಸ್ಮತಿ ಮೂಟೆಯ ಮೇಲೆ ಬೇಡ, ಅದು ನಾಳೆ ಹೋಟೆಲಿಗೆ ಹೋಗ್ಲಿಕ್ಕುಂಟು. ಈರುಳ್ಳಿ ಚೀಲದ ಮೇಲೆ ಕೂತ್ಕೋ. ಹಾಂ. ಇಗಾ, ಚಾ. ಸುಲೈಮಾನಿ, ಹಾಲಿಲ್ಲದ್ದು, ಶುಂಠಿ ಹಾಕಿದ್ದು, ನಿಂಗೆ ಇಷ್ಟ ಅಲ್ವಾ... ಓ, ಚೆಲ್ಲಿತಾ? ಕೈಗೆ ಬಿತ್ತಾ? ಈ ಫ್ಲಾಸ್ಕಿನ ಮೂತಿ ಲಗಾಡಿ ಹೋಗಿದೆ ಮಾರಾಯ್ತಿ. ಹೊಸದು ತರ್ಬೇಕು. ಅಂಗಡಿಯಲ್ಲಿ ರಾಶಿ ಫ್ಲಾಸ್ಕ್ ಇಟ್ಕೊಂಡು ನಾನು ಹಳೆಯದ್ರಲ್ಲೇ ಚಾ ಕುಡಿಯುದು ನೋಡು! ಗ್ರೋಸರಿಯವನ ಮನೆ ಕಥೆಯೇ ಹೀಗೆ.

ಎಂತ? ತುಟಿ ಒಡೆದದ್ದಲ್ಲ, ನಾನು ನೋಡಿಲ್ಲ ಅನ್ನುದೇ ವಿಷಯವಾ? ರಕ್ತ ಬರ್ತಾ ಇದ್ರೂ ಫೈಟ್ ನಿಲ್ಲಿಸ್ಲಿಲ್ಲ ಅಂತ ಹೇಳಿದ್ಳಾ? ನಾನು ಆಚೆ ತಿರುಗಿದ್ದೆ. ಆ ಸಣ್ಣವ ಡಿಯೋನ್, ಬೆಲ್ಟ್ ಕಟ್ಲಿಕ್ಕೆ ಗೊತ್ತಾಗದೆ ಒದ್ದಾಡ್ತಾ ಇದ್ದ, ಅವನ ಹತ್ರ ಮಾತಾಡ್ತಾ ಇದ್ದೆ. ಮತ್ತೆ ಖರೀಫ್ ಮಳೆಗಾಲ ಅಲ್ವಾ, ಎಲ್ಲಾ ಕಡೆ ಮಂಜು, ಎದುರಿಗೆ ಬಂದವರೇ ಕಾಣುದಿಲ್ಲ... ಎಂತಕ್ಕೆ ನಗುದು? ಗೋಡೌನಿನ ಒಳಗೆ ಮಂಜು ಬರುದಿಲ್ವಾ? ಬರ್ತದೆ! ಸಲಾಲಾದ ಮಂಜು ನಿಂಗೆ ಗೊತ್ತಿಲ್ಲ. ನಮ್ಮ ಅಡಿಗೆಕೋಣೆಗೂ ಬರ್ತದೆ, ಬೇಕಾದ್ರೆ ನನ್ನ ಹೆಂಡತಿ ಅಮೀನತ್‌ನ ಕೇಳು.

ಸರಿ, ಕುಶಾಲು ಸಾಕು. ನೀನು ಪೋರ್ಟಿನ ಆಫೀಸಿನಿಂದ ರಜೆ ಹಾಕಿ ಮಧ್ಯಾಹ್ನ ಓಡಿ ಬಂದದ್ದು ಚಾ ಕುಡೀಲಿಕ್ಕೆ ಅಲ್ಲ ಅಂತ ನಂಗೆ ಗೊತ್ತುಂಟು ಜೆನಿಟಾ. ಪೇರೆಂಟ್ಸೆಲ್ಲಾ ಸೇರಿ ನಿನ್ನನ್ನು ಕಳಿಸಿದ್ದು. ಶರ್ಫುದ್ದೀನ್ ಸರ್‌ಗೆ ವಯಸ್ಸಾಯ್ತು, ಇನ್ನು ಕ್ಲಾಸ್ ನೀನು ನಡೆಸು, ಅವರ ಹತ್ರ ಮೆಲ್ಲಗೆ ಮಾತಾಡಿ ಗೋಡೌನಿನ ಕೀ ತಗೊಂಡು ಬಾ ಅಂತ. ಹೌದಾ ಅಲ್ವಾ? ...ಚಾ ಕೆಳಗಿಟ್ಟಿಯಾ? ಅಂದ್ರೆ ಹೌದು.

ಒಂದು ಮಾತು ಹೇಳ್ತೇನೆ, ಬೇಜಾರ ಮಾಡ್ಬೇಡ. ಎದುರಿನ ಅಂಗಡಿಯಲ್ಲಿ ನಾನು ಯಾರು? ಕುಬ್ಬೂಸ್ ರೊಟ್ಟಿ ಮಾರುವ ಮುದುಕ. "ಚಾಚಾ, ಮೊಟ್ಟೆ ಉಂಟಾ?" "ಚಾಚಾ, ಚಿಲ್ಲರೆ ಕೊಡಿ." ಅಷ್ಟೇ. ಆ ಬಾಗಿಲು ದಾಟಿ ಈ ಗೋಡೌನಿಗೆ ಬಂದ್ರೆ ಮಾತ್ರ ನಾನು ಸರ್. ಇಲ್ಲಿ ಮಕ್ಕಳು ನಂಗೆ ತಲೆ ಬಗ್ಗಿಸಿ ವಂದನೆ ಮಾಡ್ತಾರೆ. ಇದೊಂದನ್ನು ಕೂಡ ತೆಗೆದ್ರೆ ನಂಗೆ ಎಂತ ಉಳಿಯುದು ಹೇಳು? ಅಷ್ಟು ಸುಲಭದಲ್ಲಿ ಕೀ ಕೊಡುವ ಜನ ಅಲ್ಲ ನಾನು.

ಒಂದು ಕೆಲಸ ಮಾಡುವ. ನೀನು ಸಾಂಚಿನ್ ಮಾಡು, ಉಸಿರಿನ ಲೆಕ್ಕದಲ್ಲಿ ಹೆಜ್ಜೆ ಇಡುವ ಆ ಕಟಾ, ಇಲ್ಲೇ, ಈಗಲೇ. ನಾನು ಪರೀಕ್ಷೆ ಮಾಡ್ತೇನೆ. ನೀನು ಎಲ್ಲಿ ತಪ್ಪಿದ್ರೂ ನಾನು ಹಿಡೀತೇನೆ. ಒಂದೇ ಒಂದು ತಪ್ಪು ನನ್ನಿಂದ ತಪ್ಪಿ ಹೋದ್ರೆ ಕೀ ನಿನ್ನ ಕೈಗೆ, ಖಲಾಸ್. ಎಲ್ಲಾ ಹಿಡಿದ್ರೆ ನೀನು ಹೋಗಿ ಓಲಿವಿಯಾಳ ಅಮ್ಮನಿಗೆ ಹೇಳ್ಬೇಕು: ಸರ್ ಸರಿಯಾಗೇ ಇದ್ದಾರೆ, ನಿನ್ನ ಮಗಳು ಕೈ ಮೇಲೆ ಎತ್ತಿ ಹಿಡಿಯದ್ದೇ ತಪ್ಪು. ಆಯ್ತಾ? ಒಪ್ಪಿಗೆಯಾ? ಯಲ್ಲಾ, ಏಳು, ಚಪ್ಪಲಿ ತೆಗಿ.

ಮೊದಲು ಸ್ವಲ್ಪ ಮೈ ಬಿಸಿ ಮಾಡು. ಮರಳಿನ ಭರಣಿ ತಗೋ, ಓ ಆ ಗೋಡೆ ಬದಿ ಉಂಟು. ಬಾಯಿಯ ಅಂಚನ್ನು ಬೆರಳ ತುದಿಯಲ್ಲೇ ಹಿಡ್ಕೊಂಡು ನಡಿ... ಮತ್ತೆ ಎಂತ ನಗು? ಓ! ನೆನಪಾಯ್ತಾ? ಅಲ್ಲ, ಯಾರಿಗೆ ಮರೀತದೆ ಅದು! ಅಮೀನತ್‌ನ ಉಪ್ಪಿನಕಾಯಿ ಭರಣಿ ಖಾಲಿ ಆದ ಕೂಡ್ಲೆ ನಾನು ಮರಳು ತುಂಬಿಸಿ ಇಲ್ಲಿಗೆ ತರುದು. ನೀನು ಕ್ಲಾಸಿಗೆ ಸೇರಿದ ಹೊಸತರಲ್ಲಿ, ಸಣ್ಣ ಹುಡುಗಿ, ಎರಡು ಜಡೆ, ಸೀದಾ ಹೋಗಿ ಉಪ್ಪಿನಕಾಯಿ ತುಂಬಿದ ಭರಣಿಯನ್ನೇ ಎತ್ಕೊಂಡು ಹೊರಟದ್ದು! ಊರಿಂದ ತಂದ ಮಿಡಿಮಾವು! ಕಂಬದ ಹತ್ರ ಕೈ ಜಾರಿ ಢಬ್ ಅಂತ ಬಿತ್ತು. ಎಣ್ಣೆ, ಮೆಣಸಿನ ಹುಡಿ, ನಿನ್ನ ಬಿಳಿ ಡ್ರೆಸ್ಸು... ಅಮೀನತ್ ಒಂದು ವಾರ ನನ್ನ ಹತ್ರ ಮಾತಾಡ್ಲಿಲ್ಲ. ನಿನ್ನ ಹತ್ರ ಮಾತ್ರ, ಪಾಪ ಮಗು, ಕಾಲಿಗೆ ಪೆಟ್ಟಾಯ್ತಾ ಅಂತ ಕೇಳಿ ಹಲ್ವಾ ಬೇರೆ ಕೊಟ್ಳು.

ಹಾಂ, ಹಾಗೇ ನಡಿ. ನಿಧಾನ. ಈ ಭರಣಿ ಹಿಡಿಯುದು, ಆ ಹಾಲಿನ ಹುಡಿಯ ಡಬ್ಬಿಗೆ ಸಿಮೆಂಟ್ ಹಾಕಿ ಕೋಲು ಸಿಕ್ಕಿಸಿ ಎತ್ತುದು, ಎಲ್ಲಾ ನನ್ನ ಪಿರ್ಕಿ ಅಂತ ಜನ ನಗಾಡ್ತಾರೆ. ಅಲ್ಲ ಮಾರಾಯ್ತಿ, ಇದು ಓಕಿನಾವಾದವರದ್ದೇ ಪದ್ಧತಿ. ಅವರ ಹತ್ರ ಎಂತ ಜಿಮ್ಮು ಇತ್ತಾ? ಮನೆಯಲ್ಲಿದ್ದ ಮಡಕೆ, ಅಂಗಳದ ಕಲ್ಲು, ಅದರಲ್ಲೇ ಕೈ ಗಟ್ಟಿ ಮಾಡಿದ್ರು. ನನ್ನ ಗುರು ನಿಹಾಲ್ ಸರ್ ಇದ್ರಲ್ಲ, ಇಲ್ಲೇ ಪೋರ್ಟಿನಲ್ಲಿ ಕ್ರೇನ್ ಓಡಿಸ್ತಾ ಇದ್ದ ಸಿಲೋನಿನವರು, ಅವರು ಹೇಳ್ತಾ ಇದ್ರು: ನಮ್ಮ ಗೋಜು-ರ್ಯು ಬಂದರಿನ ಕರಾಟೆ, ಶರ್ಫು. ಬಂದರಿನವರಿಗೇ ಅರ್ಥ ಆಗುದು.

ಹೌದು ಮತ್ತೆ! ಓಕಿನಾವಾದಲ್ಲಿ ನಾಹಾ ಅಂತ ಬಂದರು. ಅಲ್ಲಿಯ ಹಿಗಾವೊನ್ನಾ ಅನ್ನುವವರು, ದೋಣಿಯಲ್ಲಿ ಕಟ್ಟಿಗೆ ಸಾಗಿಸುವ ಮನೆಯವರಂತೆ, ಎಳೆ ಪ್ರಾಯದಲ್ಲೇ ಹಡಗು ಹತ್ತಿ ಚೀನಾದ ಫೂಚೌಗೆ ಹೋದ್ರು. ನಾವು ಮಂಗಳೂರಿನ ಬಂದರಿನಿಂದ ಗಲ್ಫಿಗೆ ಬಂದ ಹಾಗೇ. ಭಾಷೆ ಗೊತ್ತಿಲ್ಲ, ಗುರ್ತದವರಿಲ್ಲ. ಅಲ್ಲಿಯ ಗುರು ಸುರುವಿಗೆ ಹೇಳಿಕೊಟ್ಟದ್ದೆಂತ ಗೊತ್ತುಂಟಾ? ಎಂತದೂ ಇಲ್ಲ! ಮನೆ ಕೆಲಸ ಮಾಡಿಸಿದ್ರಂತೆ. ಆಮೇಲೆ ಕಲಿಸಿದ್ರು, ಅದೂ ಸಾಂಚಿನ್, ಬರೀ ಸಾಂಚಿನ್. ಈಗಿನ ಮಕ್ಕಳಿಗೆ ಹಾಗೆ ಮಾಡಿದ್ರೆ ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮಾನ ಹೋಗ್ತದೆ.

ಅವರು ನಾಹಾಗೆ ವಾಪಸ್ ಬಂದು ಕಲಿಸಿದ ಶಿಷ್ಯ ಮಿಯಾಗಿ. ಆಗ ಇದಕ್ಕೆ ಒಂದು ಹೆಸರೂ ಇರ್ಲಿಲ್ಲ. ಮಿಯಾಗಿಯ ಶಿಷ್ಯ ಎಲ್ಲೋ ದೊಡ್ಡ ಸಭೆಗೆ ಹೋಗಿದ್ದಾಗ ಯಾರೋ ಕೇಳಿದ್ರಂತೆ, ನಿಮ್ಮದು ಯಾವ ಶೈಲಿ ಅಂತ. ಅವರಿಗೆ ಪೇಚಾಟ! ಮನೆಯಲ್ಲಿ ಉಮ್ಮ ಮಾಡುವ ಸಾರಿಗೆ ಯಾರಾದ್ರೂ ಹೆಸರಿಡ್ತಾರಾ? ವಾಪಸ್ ಬಂದು ಗುರುವಿನ ಹತ್ರ ಹೇಳಿದ್ರು, ಆಮೇಲೆ ಗುರು ಇಟ್ಟ ಹೆಸರು ಗೋಜು. ಗೋ ಅಂದ್ರೆ ಗಟ್ಟಿ, ಜು ಅಂದ್ರೆ ಮೆತ್ತಗೆ. ಉಸಿರು ತಗೊಳ್ಳುವಾಗ ಮೆತ್ತಗೆ, ಬಿಡುವಾಗ ಗಟ್ಟಿ. ನಂಗೆ ಇದರಲ್ಲಿ ಇಷ್ಟ ಆದದ್ದೇ ಅದು. ಬರೀ ಗಟ್ಟಿ ಇದ್ದವ ಮುರೀತಾನೆ ಜೆನಿಟಾ. ನಿಂಗೆ ಇದೆಲ್ಲಾ ಬಾಯಿಪಾಠ, ಗೊತ್ತು. ಆದ್ರೂ ಹೇಳ್ಲಿಕ್ಕೆ ನಂಗೆ ಖುಷಿ.

ಭರಣಿ ಇಡು. ನಿಲ್ಲು, ಕಂಬದ ಈಚೆ, ಯಾವಾಗಲೂ ಸುರು ಮಾಡುವ ಜಾಗದಲ್ಲೇ. ನಿಯಮ ನೆನಪುಂಟಲ್ಲ? ಮಾತಿಲ್ಲ, ಉಸಿರು ಮಾತ್ರ ಕೇಳ್ಬೇಕು. ನಾನು ಹಿಂದಿನಿಂದ ಬಂದು ಎರಡು ಭುಜಕ್ಕೂ ಪೆಟ್ಟು ಹಾಕ್ತೇನೆ, ಅಲುಗಾಡ್ಬಾರ್ದು. ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡ್ಲಿಕ್ಕಿಲ್ಲ. ಹಿಂದೆ ಗುರು ಇದ್ದಾರೆ ಅಂತ ನಂಬಿಕೊಂಡು ಎದುರು ನೋಡುದೇ ಸಾಂಚಿನ್. ಯಲ್ಲಾ.

ಹಾಂ... ಉಸಿರು ತಗೋ... ಬಿಡು... ಹಿಡಿದೆ! ಬಲಗಾಲು! ಕಾಲು ನೆಲ ಸವರಿಕೊಂಡು ಬರ್ಬೇಕು, ಎತ್ತಿ ಇಟ್ಟೆ ನೀನು. ಬೇಕಂತ್ಲೇ ಮಾಡಿದ್ದಲ್ವಾ? ನನ್ನನ್ನು ಪರೀಕ್ಷೆ ಮಾಡುದಾ? ಕಳ್ಳಿ! ...ಮುಂದೆ. ಇಗಾ, ಭುಜಕ್ಕೆ ಪೆಟ್ಟು. ಹಾಂ, ಗಟ್ಟಿ ಉಂಟು. ಮಾಶಾಲ್ಲಾ! ಆಫೀಸಿನ ಕುರ್ಚಿಯಲ್ಲಿ ಕೂತೂ ಭುಜ ಉಳಿಸಿಕೊಂಡಿದ್ದಿ... ಮತ್ತೆ ಹಿಡಿದೆ! ಉಸಿರು ಎದೆಯಲ್ಲೇ ನಿಂತಿತು, ಹೊಟ್ಟೆಗೆ ಇಳೀಲಿಲ್ಲ. ನೋಡಿದ್ಯಾ? ಮುದುಕನಿಗೆ ಎಲ್ಲಾ ಗೊತ್ತಾಗ್ತದೆ. ಓಲಿವಿಯಾಳ ಅಮ್ಮನಿಗೆ ಎಂತ ಹೇಳ್ಬೇಕು ಅಂತ ಈಗಲೇ ಬಾಯಿಪಾಠ ಮಾಡ್ಕೋ.

ಮೂರನೇ ಹೆಜ್ಜೆ. ಇನ್ನು ತಿರುಗುದು... ಚಂದ! ಭಾರಿ ಚಂದ ತಿರುಗಿದಿ ಮಾರಾಯ್ತಿ, ಒಂದು ಸದ್ದಿಲ್ಲ! ಪಾದ ನೋಡು, ಹೇಗೆ ಒಳಗೆ ಕಚ್ಚಿಕೊಂಡು ನಿಂತಿದೆ. ಮೊಣಕೈ ಪಕ್ಕೆಗೆ ಸರಿಯಾಗಿ ಉಂಟು. ಮುಖದಲ್ಲಿ ಎಂತ ಶಾಂತಿ! ಹೀಗೆ ನಿಲ್ಲಬೇಕು. ಮಕ್ಕಳನ್ನು ಕರೆದು ತೋರಿಸ್ಬೇಕು ನಿನ್ನನ್ನು. ಅಲುಗಾಡ್ಬೇಡ, ಭುಜಕ್ಕೆ ಒಂದು ಕೊಡ್ತೇನೆ, ಇಗಾ...

...ಓ.

ಜೆನಿಟಾ?

ಸ್ವಲ್ಪ ಆಚೆ ಹೋಗಿದ್ದೀಯಲ್ಲ. ಕೈ ಎಟುಕಲಿಲ್ಲ ನಂಗೆ. ಇಗಾ... ಇಲ್ಲೂ ಇಲ್ಲ... ಅಯ್ಯೋ, ಡಬ್ಬಿ! ಯಾರು ಈ ಡಬ್ಬಿಯನ್ನು ದಾರಿಯಲ್ಲಿ ಇಟ್ಟದ್ದು? ಏನೂ ಆಗಿಲ್ಲ, ಏನೂ ಆಗಿಲ್ಲ. ಎಲ್ಲಿದ್ದಿ ಮಾರಾಯ್ತಿ? ಉಸಿರು ಬಿಡು. ಕುಶಾಲು ಮಾಡ್ಬೇಡ, ಉಸಿರು ಬಿಟ್ರೆ ಅಲ್ವಾ ನಂಗೆ ಗೊತ್ತಾಗುದು...

...

ಹೂಂ. ಗೊತ್ತಾಯ್ತು ನಿಂಗೆ.

ನೀನು ತಿರುಗ್ಲೇ ಇಲ್ಲ ಅಲ್ವಾ? ಅಲ್ಲಿಂದ ಮೆಲ್ಲ ಸರಿದು ಹೋಗಿ ಎಲ್ಲೋ ನಿಂತು ನೋಡ್ತಾ ಇದ್ದಿ. ನಾನು ಖಾಲಿ ನೆಲಕ್ಕೆ ಶಹಭಾಸ್ ಹೇಳ್ತಾ ಇದ್ದೆ.

ಕಣ್ಣು ಕಾಣುದಿಲ್ಲ ಜೆನಿಟಾ. ಸುರುವಿಗೆ ಬದಿ ಬದಿ ಹೋಯ್ತು, ಆಮೇಲೆ ನಡುವೆ. ಶುಗರ್ ಅಲ್ವಾ. ಊರಿಗೆ ಹೋದಾಗ ಮಂಗಳೂರಿನ ಡಾಕ್ಟ್ರು ಹೇಳಿದ್ರು, ತಡ ಆಯ್ತು ಅಂತ. ಈಗ ಬಾಗಿಲಿನ ಬೆಳಕು ಗೊತ್ತಾಗ್ತದೆ, ಯಾರಾದ್ರೂ ಅಡ್ಡ ಬಂದ್ರೆ ನೆರಳು ಗೊತ್ತಾಗ್ತದೆ, ಅಷ್ಟೇ. ಅಮೀನತ್‌ಗೆ ಮಾತ್ರ ಗೊತ್ತು. ಅಂಗಡಿಯಲ್ಲಿ ನೋಟು ಮುಟ್ಟಿ ನೋಡ್ತೇನೆ, ಇಲ್ಲಿ ಗೋಡೆ ಮುಟ್ಟಿಕೊಂಡು ನಡೀತೇನೆ. ಕಟಾ ಒಂದೇ ದಾರಿಯಲ್ಲಿ ಹೋಗ್ತದಲ್ಲ, ಹಾಗಾಗಿ ಯಾರು ಎಲ್ಲಿರ್ತಾರೆ ಅಂತ ನಂಗೆ ಗೊತ್ತು. ಫೈಟಿಗೆ ದಾರಿ ಇಲ್ಲ. ಆ ಮಗು ಅಳ್ತಾ ಇತ್ತು, ನಗ್ತಾ ಇದೆ ಅಂತ ನಾನು ಅಂದ್ಕೊಂಡೆ. ಚಂದ, ಚಂದ, ಇನ್ನೂ ಹೊಡಿ ಅಂತ ಹೇಳಿದೆ. ಆ ದಿನದಿಂದ ನಂಗೆ ನಿದ್ರೆ ಇಲ್ಲ.

ಮತ್ತೆ ಹೇಳ್ಲಿಲ್ಲ ಯಾಕೆ ಅಂತ ಕೇಳು. ಹೆದರಿಕೆ ಮಾರಾಯ್ತಿ, ಮತ್ತೆಂತ. ಹೇಳಿದ್ರೆ ನೀವೆಲ್ಲಾ ಪಾಪ ಅಂತೀರಿ. ಸರ್ ಅಂತ ಕರೆದ ಬಾಯಲ್ಲಿ ಪಾಪ ಅಂತ ಕೇಳ್ಲಿಕ್ಕೆ ನಂಗೆ ಇಷ್ಟ ಇರ್ಲಿಲ್ಲ. ಬೈ ಬೇಕಾದ್ರೆ. ಹೋದಿಯಾ? ಬಾಗಿಲಿನ ಹತ್ರ ನೆರಳಿಲ್ಲ, ಹೋಗಿಲ್ಲ ನೀನು...

ಯಾ ಅಲ್ಲಾಹ್! ...ಇದೆಂತ? ಹಿಂದೆ ನಿಂತಿದ್ದೀಯಾ? ಭುಜಕ್ಕೆ ಹೊಡೀತೀಯಾ ನಂಗೆ?

ಓ... ಓ ಓ. ನಂಗೆ ಪರೀಕ್ಷೆಯಾ?

ಇರು, ಇರು. ಲುಂಗಿ ಎತ್ತಿ ಕಟ್ತೇನೆ. ...ಹಾಂ, ನಿಂತೆ. ಪಾದ ಸರಿ ಉಂಟಾ? ಮಾತಾಡ್ಬಾರ್ದು ಅಂತ ನಿಯಮ ನಿಂಗೆ, ನಂಗಲ್ಲ! ಆಯ್ತು, ಆಯ್ತು, ಹೊಡೀಬೇಡ, ನಂಗೂ ಉಂಟು. ಅಲ್ಲ, ಹೊಡಿ. ಗಟ್ಟಿ ಹೊಡಿ. ನಿನ್ನ ಪೆಟ್ಟು ಮೆತ್ತಗಾಯ್ತು ಮಗಾ, ಗೋ ಸಾಲ್ದು. ಮೂಗು ಎಳೆಯುದು ಕೇಳ್ತದೆ ನಂಗೆ. ಅಳ್ಬೇಡ, ಕಣ್ಣು ಹೋದದ್ದು ನನ್ನದು, ಕಿವಿ ಎರಡೂ ಉಂಟು.

ಕೀ ಅಂಗಿಯ ಕಿಸೆಯಲ್ಲಿ ಉಂಟು, ಆಮೇಲೆ ತಗೋ. ಫೈಟ್ ಎಲ್ಲಾ ಇನ್ನು ನಿನ್ನದು. ಸಂಜೆ ನನ್ನನ್ನು ಓಲಿವಿಯಾಳ ಮನೆಗೆ ಕರ್ಕೊಂಡು ಹೋಗು, ಆ ಮಗುವಿನ ಹತ್ರ ನಾನೇ ಹೇಳ್ಬೇಕು. ಆದ್ರೆ ಸಾಂಚಿನ್ ಮಾತ್ರ ನಂಗೆ ಬಿಡ್ತೀಯಾ? ಮಕ್ಕಳ ಹಿಂದೆ ನಿಲ್ಲುದು, ಉಸಿರು ಕೇಳುದು, ಭುಜ ಮುಟ್ಟಿ ನೋಡುದು, ಅಷ್ಟು ಮಾಡ್ಲಿಕ್ಕೆ ನಂಗೆ ಈಗಲೂ ಆಗ್ತದೆ. ಬಿಡ್ತೀಯಾ?

... ಎರಡೂ ಕೈ ಭುಜದ ಮೇಲೆ ಹಾಗೇ ಇಟ್ಟಿದ್ದಿ, ಅಂದ್ರೆ ಹೌದು.

ಸರಿ. ತಿರುಗಿ ನೋಡುದಿಲ್ಲ ನಾನು. ಮೊದಲ ಹೆಜ್ಜೆ ಇಡ್ತೇನೆ, ಹಿಂದೆಯೇ ಬಾ.