ನಾಲ್ಕನೇ ಪೋರ್ಟಿನವನು

ನವೆಂಬರ್ ಹನ್ನೆರಡು, ಗುರುವಾರ. ಬೆಳಗಿನಿಂದ ಮೋಡ, ಒಂದು ಹನಿಯೂ ಬಿದ್ದಿರಲಿಲ್ಲ. ನಮ್ಮ ಪಕ್ಕದ ಮನೆಯ ನೆಟ್‌ವರ್ಕ್ ಇಂಜಿನಿಯರು ಹಾಳುಬಾವಿಯ ದಾರಿ ಹಿಡಿದು ಮನೆ ಸೇರುವಾಗ ಕತ್ತಲಾಗಿತ್ತು. ಒಳಗೆ ಹೆಂಡತಿ ನಗುತ್ತಿದ್ದಳು... ಒಬ್ಬಳೇ, ತನ್ನ ಕಂಪ್ಯೂಟರಿನ ಮುಂದೆ.

ಇವನ ಜೊತೆ ಒಂದು ದಿನವೂ ಹಾಗೆ ನಕ್ಕವಳಲ್ಲ. ಇವನು ಎರಡನೆಯ ಗಂಡ. ಮೊದಲನೆಯವನು ತೀರಿಕೊಂಡು ಮೂರು ವರ್ಷವಾಗಿದ್ದರೂ ಅವಳ ಬಾಯಲ್ಲಿ ‘ರೀ’ ಅಂದರೆ ಅವನೇ. ಇವನು ಬರೀ ‘ಸಾಹೇಬ್ರೇ’. ಸತ್ತವನ ಅಂಗಿ, ಕುರ್ಚಿ, ಕೊನೆಗೆ ಕಂಪ್ಯೂಟರನ್ನೂ ಇವನು ಗುಜರಿಗೆ ಹಾಕಿದ್ದ. ಹೊಟ್ಟೆಕಿಚ್ಚು ಮಾತ್ರ ಆರಿರಲಿಲ್ಲ.

ಮೂಲೆಯಲ್ಲಿ, ಮನೆಯ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ, ನೆಟ್‌ವರ್ಕ್ ಸ್ವಿಚ್. ಅದರೊಳಗಿನ ಫ್ಯಾನು ಗುರ್ರ್ ಎಂದಿತು. ಕೇಬಲ್ ಸಿಕ್ಕಿಸುವ ಕಿಂಡಿಗಳಲ್ಲಿ ನಾಲ್ಕನೆಯದರ, ನಾಲ್ಕನೇ ಪೋರ್ಟಿನ, ದೀಪ ಮಿಟುಕುತ್ತಿತ್ತು. ಅದರಲ್ಲಿ ಕೇಬಲ್ಲೇ ಇರಲಿಲ್ಲ.

ಸ್ವಿಚ್ ಅಂದರೆ ಕಂಪ್ಯೂಟರುಗಳ ನಡುವಿನ ಅಂಚೆಯವನು. ಪ್ರತಿ ಯಂತ್ರಕ್ಕೂ ಹುಟ್ಟಿನಿಂದ ಒಂದು ವಿಳಾಸ. ಯಾರು ಯಾವ ಪೋರ್ಟಿನಿಂದ ಮಾತಾಡಿದರೆಂದು ನೆನಪಿಟ್ಟುಕೊಂಡು, ಅವರದ್ದನ್ನು ಅಲ್ಲಿಗೇ ತಲುಪಿಸುತ್ತದೆ. ಐದು ನಿಮಿಷ ಸುಮ್ಮನಿದ್ದವರನ್ನು ಮರೆತುಬಿಡುತ್ತದೆ.

ಅದರ ನೆನಪನ್ನು ತೆರೆದು ನೋಡಿದ. ನಾಲ್ಕನೇ ಪೋರ್ಟಿನಲ್ಲಿ ಗುಜರಿಗೆ ಹೋದ ಕಂಪ್ಯೂಟರಿನ ವಿಳಾಸ! ಅಂದರೆ... ಸತ್ತವನು ಈಗಷ್ಟೇ ಮಾತಾಡಿದ್ದಾನೆ.

“ಯಾರ ಹತ್ರ ಮಾತಾಡ್ತಿದ್ದೆ?” ಪಿಸುಗುಟ್ಟಿದ.

“ನಿಮಗೆ ಬಂದಿದ್ದಲ್ಲ ಬಿಡಿ, ಸಾಹೇಬ್ರೇ.” ಅವಳು ತಿರುಗಲೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಎದ್ದು ಓಡುತ್ತಿದ್ದರು. ಇವನಿಗೆ ಮೈಯೆಲ್ಲ ಉರಿ. ತನ್ನ ಕಂಪ್ಯೂಟರಿನ ವಿಳಾಸ ತೆಗೆದು ಸತ್ತವನ ವಿಳಾಸ ಹಾಕಿದ. ಇಬ್ಬರು ಒಂದೇ ವಿಳಾಸ ಹೇಳಿದರೆ, ಸ್ವಿಚ್ ನಂಬುವುದು ಕೊನೆಗೆ ಮಾತಾಡಿದವನನ್ನು. ಹಾಗಾಗಿ ತನ್ನದನ್ನು ಬಿಡುವಿಲ್ಲದೆ ಮಾತಾಡಿಸಿದ. ಇನ್ನು ಅವನಿಗೆ ಬರುವುದೆಲ್ಲ ತನಗೇ. ತನ್ನ ಹಳೆಯ ವಿಳಾಸ ಮಾತ್ರ ಸುಮ್ಮನಾಯಿತು.

ಫ್ಯಾನು ಕಿರ್ರ್ ಎಂದು ಎಳೆದು ನಿಂತಿತು. ನಾಲ್ಕನೇ ದೀಪ ಆರಿತು.

ಹಿಂದಿನಿಂದ ಹೆಗಲ ಮೇಲೆ ಕೈ ಬಂತು. “ರೀ... ಬಂದ್ರಾ?”

ಆ ಖುಷಿಯಲ್ಲಿ ಹ್ಞೂಂ ಅಂದುಬಿಟ್ಟ.

ಭಾನುವಾರ ಇಂಜಿನಿಯರನ ತಂಗಿ ಬಂದಳು. ಬಾಗಿಲು ತೆರೆದದ್ದು ಅವನೇ, ಅದೇ ಮುಖ, ಅದೇ ಮೀಸೆ. ಫೋನ್ ಯಾಕೆ ತೆಗೀತಿಲ್ಲ ಅಣ್ಣ ಎಂದು ಬೈದಳು. ಯಾರು ಬೇಕಿತ್ತಮ್ಮ ಎಂದು ಮರ್ಯಾದೆಯಿಂದ ಕೇಳಿದ. ಅವಳು ಅಣ್ಣನ ಹೆಸರು ಹೇಳಿದರೆ, ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ ಎಂದ. ಒಳಗಿನಿಂದ ಹೆಂಡತಿ, ಯಾರ್ರೀ ಅದು, ಎಂದಳು.

ಸುಳ್ಳಲ್ಲ, ನಾನೇ ನಮ್ಮ ಗೇಟಿನ ಹತ್ತಿರ ನಿಂತು ಕಿವಿಯಾರೆ ಕೇಳಿದ್ದು. ಅವನು ರಸ್ತೆಯ ಕಾರಿನೊಳಗೆ ಕೂತಿದ್ದ ಮುದುಕಿಯನ್ನು ನೋಡಿ, ತಂಗಿಗೆ ಮೆಲ್ಲಗೆ ಹೇಳಿದ:

“ಅವರು ನಿಮ್ಮ ತಾಯಿಯಾ? ಪಾಪ, ಬಿಸಿಲಲ್ಲಿ ಯಾಕೆ ಕೂರಿಸಿದ್ದೀರಿ...”