ಡಿ.ಎಸ್.ಪಿ. ಹೇಮಪ್ಪನವರು

ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸಲಿರುವ ವಕೀಲ ಪುಂಡಲೀಕಪ್ಪನವರೇ, ಗದಗ-ಬೆಟಗೇರಿಯ ಸಭಿಕರೇ,

ಏಕೀಕರಣದ ಈ ಹರ್ಷದಲ್ಲಿ ವಕೀಲರ ಕನ್ನಡ ಸೇವೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯಾದ ನನಗೆ ಅಪ್ಪಣೆಯಾಗಿದೆ. ಅವರ ಕನ್ನಡವನ್ನು ನೀವೆಲ್ಲ ಬಲ್ಲಿರಿ. ನಾನು ಅವರ ಲ್ಯಾಟಿನ್ ಬಗ್ಗೆ ಹೇಳುತ್ತೇನೆ.

ಸ್ವಾತಂತ್ರ್ಯ ಬಂದ ವರ್ಷ ನನ್ನ ತಂದೆ ತೀರಿಕೊಂಡರು. ನಮ್ಮೂರು ಡೋಣಿಯಲ್ಲಿ ಅವರ ಪಾಲಿಗೆ ಬಂದ ಎರೆಹೊಲವಿತ್ತು. ದೊಡ್ಡಪ್ಪ ಕೊಟ್ರಪ್ಪ ಅವ್ವನನ್ನೂ ನನ್ನನ್ನೂ ಚಕ್ಕಡಿಯಲ್ಲಿ ಕೂರಿಸಿಕೊಂಡು ವಕೀಲರ ಮನೆಗೆ ಕರೆತಂದರು. ವಕೀಲರು ನನ್ನ ಕೈಗೆ ಪೇಪರಮಿಂಟು ಕೊಟ್ಟು, ಎಷ್ಟನೇ ಇಯತ್ತೆ ಎಂದು ಕೇಳಿದರು. ಆಮೇಲೆ ಇಂಗ್ಲಿಷಿನಲ್ಲಿ ನಮ್ಮ ವಂಶಾವಳಿ ಬರೆದು, ಓದಿ ಹೇಳಿದರು. ಅಪ್ಪನ ಹೆಸರಿನ ಮುಂದೆ ಮೂರು ಅಕ್ಷರ: ಡಿ.ಎಸ್.ಪಿ.

ಡಿ.ಎಸ್.ಪಿ. ಎಂದರೆ ಅವ್ವನಿಗೆ ಗೊತ್ತಿದ್ದದ್ದು ಪೊಲೀಸ್ ಸಾಹೇಬರು. ನಗಬೇಡಿ, ನಿಮಗೂ ಅಷ್ಟೇ ಗೊತ್ತು. ಸತ್ತ ಗಂಡನಿಗೆ ಕಾಗದದಲ್ಲಾದರೂ ಮರ್ಯಾದೆ ಸಿಕ್ಕಿತೆಂದು ಅವಳು ಕಣ್ಣೊರೆಸಿಕೊಂಡಳು.

"ಹೊಲ ನಿನ್ನ ಮಗಳಿಗೇ ಉಳೀತೈತಿ, ಹೆಬ್ಬಟ್ಟ ಒತ್ತವಾ," ಎಂದರು ದೊಡ್ಡಪ್ಪ.

ವಕೀಲರು ಮಸಿಯ ಡಬ್ಬಿಯನ್ನು ಅವಳತ್ತ ಸರಿಸಿದರು. ಅವ್ವ ಒತ್ತಿದಳು. ಸುಗ್ಗಿ ಬರುವಷ್ಟರಲ್ಲಿ ಆ ಹೊಲ ದೊಡ್ಡಪ್ಪನದಾಗಿತ್ತು. ಅವ್ವ ಮಾತ್ರ ಊರ ತುಂಬ, ನಮ್ಮ ಮನೆಯವರು ಡಿ.ಎಸ್.ಪಿ. ಎಂದು ಹೇಳಿಕೊಂಡು ತಿರುಗಿದಳು.

ಧಾರವಾಡದಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದಾಗ ಆ ಅಕ್ಷರಗಳನ್ನು ಇಂಗ್ಲಿಷ್ ಶಬ್ದಕೋಶದಲ್ಲಿ ಹುಡುಕಿದೆ. ಡೆಸೆಸ್ಸಿಟ್ ಸಿನೆ ಪ್ರೋಲೆ. ಲ್ಯಾಟಿನ್. ಅರ್ಥ, ಮಕ್ಕಳಿಲ್ಲದೆ ಸತ್ತವನು. ಪೇಪರಮಿಂಟು ಬಾಯಲ್ಲಿಟ್ಟುಕೊಂಡು ಎದುರಿಗೇ ಕೂತಿದ್ದ ನಾನು ಯಾರ ಲೆಕ್ಕಕ್ಕೂ ಇರಲಿಲ್ಲ.

ರಜೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ಮಕ್ಕಳಿಲ್ಲಂತ ನಾನ ಒತ್ತಿ ಕೊಟ್ನೇನು?" ಎಂದಳು.

ತೀರಿಕೊಳ್ಳುವತನಕ ಆ ಹೊಲದ ಹಾದಿ ತುಳಿಯಲಿಲ್ಲ; ಅಪ್ಪನ ಮಾತೂ ಎತ್ತಲಿಲ್ಲ.

ಸಭಿಕರೇ, ನಮ್ಮ ನಾಡು ಒಂದಾಯಿತು. ಇನ್ನು ಕೋರ್ಟಿನ ಕಾಗದವೂ ಕನ್ನಡದಲ್ಲಿ ಬರಲಿ ಎಂದು ವಕೀಲರು ಈಗಷ್ಟೇ ಹೇಳಿದರು. ಬರಲಿ. 'ನಿಸ್ಸಂತಾನ' ಎಂದು ಕನ್ನಡದಲ್ಲೇ ಬರೆದಿದ್ದರೆ ನನ್ನ ಅವ್ವ ಹೆಬ್ಬೆರಳು ಕೊಡುತ್ತಿದ್ದಳೇ? ಅದಕ್ಕಾಗಿಯೇ ಅಲ್ಲವೇ ಅದು ಲ್ಯಾಟಿನ್ನಿನಲ್ಲಿದ್ದದ್ದು?

ಇಂದು ಸಂಜೆ ಈ ಸಭೆಯ ಬಾಗಿಲಲ್ಲಿ ವಕೀಲರು ನನ್ನನ್ನು ಪ್ರೀತಿಯಿಂದಲೇ ಕೇಳಿದರು: "ಯಾರ ಮಗಳವ್ವಾ ನೀ?" ವೇದಿಕೆಯ ಮೇಲೆ ಹೇಳುತ್ತೇನೆ ಎಂದೆ.

ಡೋಣಿಯ ಹೇಮಪ್ಪನವರ ಮಗಳು ನಾನು, ಶೇಖವ್ವ.

ಮಾತಾಡಲು ಕರೆದವರಿಗೂ ಕೇಳಿಸಿಕೊಂಡ ನಿಮಗೂ ಕೃತಜ್ಞಳು. ಹಾರವನ್ನು ಬೇರೆಯವರು ಹಾಕಲಿ. ನಮಸ್ಕಾರ.